ಸೋಸಿದ ನೀರು

ಹುಪರಿ
೪ ಡಿಸೆಂಬರ್ ೧೯೮೮

ಕುಸುಮಾ, ಜಯ ಜಿನೇಂದ್ರ.

ನೀನು ಮಿರಜದ ಆಸ್ಪತ್ರೆಯಿಂದ ನೇರವಾಗಿ ತವರಿಗೆ ಹೋಗಿ ಹನ್ನೆರಡು ದಿನವಾಯಿತು. ಕಾಗದ ಹಾಕಬೇಕೆಂದು ದಿನಾ ಅನ್ನಿಸುತ್ತಿತ್ತು. ಆದರೆ ನೀನೇ ಓದುವ ಹಾಗಿಲ್ಲವಲ್ಲ, ನಿನ್ನ ಅಣ್ಣನ ಹೆಂಡತಿ ಶೈಲಾ ಓದಿ ಹೇಳಬೇಕು. ಎದುರಿಗೆ ಮೂರನೆಯವರನ್ನು ಕೂರಿಸಿಕೊಂಡು ಮಾತಾಡಿದ ಹಾಗೆ ಆಗುತ್ತದೆ ಎಂದು ಸುಮ್ಮನಿದ್ದೆ. ಶೈಲಾ, ತಾಯಿ, ಬೇಸರ ಮಾಡಿಕೊಳ್ಳಬೇಡ. ನಾನು ಕಲಿತದ್ದು ನಾಲ್ಕನೆಯ ಇಯತ್ತೆಯವರೆಗೆ. ಅಕ್ಷರ ತಿಳಿಯದಿದ್ದರೆ ಎರಡು ಸಲ ನೋಡಿ ಓದು.

ಮನೆಯಲ್ಲಿ ಎಲ್ಲರೂ ಆರಾಮ. ಮದುವೆಗಳು ಸಾಲಾಗಿ ಬಂದಿವೆ, ಕಾಲ್ಗೆಜ್ಜೆಯ ಕೆಲಸಕ್ಕೆ ಬಿಡುವಿಲ್ಲ. ಕಿಟಕಿಯ ಹತ್ತಿರ ನಾವಿಬ್ಬರೂ ಕೂರುತ್ತಿದ್ದ ಚಾಪೆಯ ಮೇಲೆ ಈಗ ನಾನೊಬ್ಬಳೇ. ಗೆಜ್ಜೆಯ ಸಣ್ಣ ಕೊಂಡಿ ಕೂಡಿಸಲಿಕ್ಕೆ ನಿನ್ನಂಥ ಕೈ ಈ ಓಣಿಯಲ್ಲೇ ಇಲ್ಲ. ನಾನು ಕೂಡಿಸಿದ್ದನ್ನು ವ್ಯಾಪಾರಿಯ ಕಡೆಯವನು ಎರಡು ಸಲ ತಿರುಗಿಸಿ ಕಳಿಸಿದ. ಮಿರಜದ ಡಾಕ್ಟರು ಆಸಿಡ್ ಎಂದರಲ್ಲ, ಆ ತೇಜಾಬಿನಲ್ಲಿ ತೊಳೆಯುವ ಕೆಲಸ ಈಗ ನಮ್ಮ ಮನೆಯಲ್ಲಿ ಇಲ್ಲ. ಪಿಂಗಾಣಿ ಬೋಗುಣಿಯನ್ನು ಅಟ್ಟಕ್ಕೆ ಹಾಕಿದ್ದೇವೆ. ಬೆಸುಗೆ ಹಾಕಿ ಕಪ್ಪಾದ ಬೆಳ್ಳಿಯನ್ನೆಲ್ಲ ಹಿಂದಿನ ಓಣಿಗೆ ಕೊಟ್ಟು ತೊಳೆಸುತ್ತೇವೆ.

ನಿನ್ನ ಕಣ್ಣು ಬರುವ ತನಕ ನಾನು ಉಪ್ಪು ಬಿಟ್ಟಿದ್ದೇನೆ. ಬಸದಿಯಲ್ಲಿ ಎಲ್ಲರೆದುರು ನೇಮ ಹಿಡಿದೆ. ಅತ್ತೆ ಮಾತ್ರ, "ಉಪ್ಪು ಬಿಟ್ರ ಕಣ್ಣು ಬರೂದಿದ್ರ ಮಿರಜಿಗೆ ಯಾಕ ಒಯ್ದಿದ್ವಿ? ಪಲ್ಯಾದಾಗೂ ಹಾಕೂದ ಮರೀತಾಳ, ನಮಗೂ ಉಪವಾಸ" ಎನ್ನುತ್ತಾರೆ.

ಭೂಪಾಲ ನನಗೆ ಮೈದುನನಾದರೂ ನಿನಗೆ ಗಂಡ, ಬಂದು ನಿನ್ನನ್ನು ನೋಡಿ ಹೋಗುತ್ತಾನೆ. ಈಗ ಕೆಲಸದ ದಿನಗಳು. ಗಂಡಸರು, ಗೊತ್ತಲ್ಲ.

ಆ ಸಂಜೆಯ ಮಾತನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಕರ್ಮೋದಯ ಎನ್ನುತ್ತಾರೆ. ನೀನು ಔಷಧದ ಹನಿ ತಪ್ಪಿಸಬೇಡ.

ನಿನ್ನ ಅಕ್ಕಾ,
ಅನಂತಮತಿ


ಕುಂಭೋಜ
೨೧ ಜನವರಿ ೧೯೮೯

ಅಕ್ಕಾ ಅವರಿಗೆ ಕುಸುಮಾಳ ಜಯ ಜಿನೇಂದ್ರ.

ನಾನು ಹೇಳುತ್ತೇನೆ, ಶೈಲಾ ವಹಿನಿ ಬರೆಯುತ್ತಾರೆ. ಬಲಗಣ್ಣು ಪೂರ್ತಿ ಹೋಯಿತು. ಎಡಗಣ್ಣಿಗೆ ಬಾಗಿಲು ತೆರೆದದ್ದು, ಮುಚ್ಚಿದ್ದು ತಿಳಿಯುತ್ತದೆ. ಬಾಗಿಲಲ್ಲಿ ನಿಂತವರು ಯಾರು ಎಂದು ತಿಳಿಯುವುದಿಲ್ಲ. ಇದಕ್ಕಿಂತ ಹೆಚ್ಚು ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ನೀವು ಉಪ್ಪು ತಿನ್ನಿರಿ ಅಕ್ಕಾ.

ಸಂಕ್ರಾಂತಿಯ ಮರುದಿನ ನಮ್ಮ ಮಾವನವರ ತಮ್ಮ ಇಲ್ಲಿಗೆ ಬಂದಿದ್ದರು. ಎಳ್ಳುಬೆಲ್ಲ ಕೊಟ್ಟು, ಚಹಾ ಕುಡಿದು, ಆಮೇಲೆ ಗಂಡ ಹೆಂಡಿರ ಬಿಡುಗಡೆಯ ಮಾತು ತೆಗೆದರು. ಹೋಳಿ ಮುಗಿದ ಮೇಲೆ ಹಿರಿಯರು ಕೂರುತ್ತಾರಂತೆ. ಕಾಗದದಲ್ಲಿ ಎರಡು ಕಾರಣ ಬರೆಸುತ್ತಾರಂತೆ. ಹತ್ತು ವರ್ಷವಾದರೂ ಮಕ್ಕಳಾಗಲಿಲ್ಲ ಎಂಬುದೊಂದು. ತೇಜಾಬಿನ ಮನೆಯಲ್ಲಿದ್ದೂ ತೇಜಾಬಿನ ರೀತಿ ತಿಳಿಯದೆ, ಹಿರಿಯಳ ಮಾತು ಮೀರಿ, ತನ್ನ ಕೈಯಾರೆ ಕಣ್ಣು ಕಳೆದುಕೊಂಡಳು ಎಂಬುದು ಇನ್ನೊಂದು.

ಮೊದಲನೆಯದಕ್ಕೆ ನಾನು ಏನೂ ಹೇಳುವುದಿಲ್ಲ. ಎರಡನೆಯದನ್ನು ನಾನೇ ಆಸ್ಪತ್ರೆಯಲ್ಲಿ ಪೊಲೀಸಿನವರಿಗೆ ಹೇಳಿದ್ದೆ. ಯಾಕೆ ಹೇಳಿದೆ ಎಂದು ನಿಮಗೂ ಗೊತ್ತು, ನನಗೂ ಗೊತ್ತು. ನಿಮ್ಮ ಹೆಸರು ಬಂದರೆ ನಿಮ್ಮನ್ನು ಠಾಣೆಗೆ ಕರೆಯುತ್ತಾರೆ, ಅಲ್ಲಿ ನೀವು ನೀರೂ ಮುಟ್ಟುವುದಿಲ್ಲ, ಸತ್ತೇ ಹೋಗುತ್ತೀರಿ ಎಂದು ಹೆದರಿದ್ದೆ.

ನಿನ್ನೆ ವಹಿನಿಗೆ ಎಲ್ಲ ಹೇಳಿದೆ. ಹೇಳದೆ ಈ ಕಾಗದ ಬರೆಸುವುದು ಹೇಗೆ? ಯಾವಾಗಿನಂತೆ, ಮೊದಲು ನೀರು ಆಮೇಲೆ ತೇಜಾಬು ಎಂದು, ಬೋಗುಣಿಯಲ್ಲಿ ನೀರು ತುಂಬಿಯೇ ಇತ್ತು. ಬೆಳ್ಳಿಯ ವ್ಯಾಪಾರಿ ಬಂದು ಮಾತಾಡುತ್ತ ಕೂತ. ಸೋಸಿಟ್ಟ ನೀರಿಗೆ ಎರಡು ಗಳಿಗೆ ಮೀರಿತು, ಅದರಲ್ಲಿ ಮತ್ತೆ ಜೀವ ಹುಟ್ಟಿರುತ್ತದೆ, ತೇಜಾಬು ಹಾಕಿದರೆ ಹಿಂಸೆ ಎಂದು ನೀವು ಆ ನೀರನ್ನು ತುಳಸಿಯ ಬುಡಕ್ಕೆ ಸುರಿದಿರಿ. ಹೊತ್ತು ಇಳಿಯುತ್ತಿತ್ತು. ಸೂರ್ಯ ಮುಳುಗುವ ಮೊದಲು ಎಲ್ಲರ ಊಟ ಆಗಬೇಕು. ಅಷ್ಟರೊಳಗೆ ತೇಜಾಬು ಅಳೆದು ಬೋಗುಣಿಗೆ ಹಾಕಿಡು ಎಂದು ನನಗೆ ಹೇಳಿ ಬಾವಿಗೆ ಹೋದಿರಿ. ನಾನು ಕೇಳಿದೆ, "ಅಕ್ಕಾ, ಮೊದಲ ನೀರಲ್ಲೇನ್ರಿ?" ನೀವು ಹೋಗುತ್ತಲೇ ಅಂದಿರಿ, "ಎರಡೂ ಕೂಡೂದು ಒಂದ ಬೋಗುಣ್ಯಾಗ ಹೌದಿಲ್ಲೊ?" ಬಂದು, ಸೋಸುವ ಬಟ್ಟೆಯನ್ನು ಬೋಗುಣಿಯ ಬಾಯಿಗೇ ಹಾಸಿದಿರಿ. ಎರಡು ತುದಿ ನಾನು ಹಿಡಿದೆ. ನೀವು ಕೊಡ ಬಗ್ಗಿಸಿದಿರಿ, ತೇಜಾಬು ಸಿಡಿಯಿತು.

ಇಷ್ಟನ್ನೇ ಹಿರಿಯರ ಮುಂದೆ ಹೇಳಿರಿ. ನನಗೆ ಆ ಮನೆಗೆ ತಿರುಗಿ ಬರಬೇಕಾಗಿದೆ. ಇಲ್ಲಿ ಅಣ್ಣನ ಮನೆಯಲ್ಲಿ ಗೋಡೆ ಹಿಡಿದು ನಡೆಯುತ್ತೇನೆ, ಅಲ್ಲಿಯಾದರೆ ಗೋಡೆ ಬೇಕಾಗುವುದಿಲ್ಲ. ವಹಿನಿಯ ಹರಿದ ಗೆಜ್ಜೆ ಬಿಚ್ಚಿ ಹದಿನಾರು ಕೊಂಡಿ ಬೆರಳಿನಿಂದಲೇ ಕೂಡಿಸಿದ್ದೇನೆ. ಒಂದೂ ತಪ್ಪಿಲ್ಲ. ಚಾಪೆಯ ಮೇಲೆ ನನಗೆ ಜಾಗ ಕೊಟ್ಟರೆ ಕೂತು ತಿನ್ನುವವಳಲ್ಲ. ಕಣ್ಣಿಲ್ಲದವಳು ಎನ್ನಲಿ. ತಲೆಯಿಲ್ಲದವಳು ಎನ್ನುವುದು ಬೇಡ.

ನಿಮ್ಮ ಕುಸುಮಾ

ತಾ.ಕ.: ಇದು ಬರೆಯುವವಳ ಮಾತು. ಹದಿನಾರಲ್ಲ, ಹದಿನೆಂಟು ಕೊಂಡಿ. ಇರುವೆ ಕಾಲಿಗೆ ಸಿಕ್ಕೀತೆಂದು ನೋಡಿ ಹೆಜ್ಜೆ ಇಡುವವರು ನೀವು ಎಂದು ನಮ್ಮ ಊರಿನಲ್ಲೂ ಹೆಸರಿದೆ. ಇನ್ನು ನಿಮ್ಮ ಇಷ್ಟ. — ಶೈಲಾ


ಹುಪರಿ
೧೯ ಫೆಬ್ರುವರಿ ೧೯೮೯

ಕುಸುಮಾ, ಜಯ ಜಿನೇಂದ್ರ.

ನಿನ್ನ ಕಾಗದವನ್ನು ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟು ನಾಲ್ಕು ಸಲ ಓದಿದೆ. ನೀನು ಬರೆಸಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ.

ಹೇಳುತ್ತೇನೆ. ಹೇಳುವುದಿಲ್ಲ ಎನ್ನಲಿಲ್ಲ. ಅತ್ತೆಗೆ ಜ್ವರ ಬಂದು ಎಂಟು ದಿನ ಮಲಗಿದ್ದರು. ಆಮೇಲೆ ಮುನಿ ಮಹಾರಾಜರು ವಿಹಾರ ಮಾಡುತ್ತ ಊರಿಗೆ ಬಂದರು. ಅವರ ಆಹಾರಕ್ಕೆ ನಮ್ಮ ಮನೆಯ ಪಾಳಿ ಎರಡು ದಿನ. ಅಂಥ ಹೊತ್ತಿನಲ್ಲಿ ಮನೆಯಲ್ಲಿ ಜಗಳ ತೆಗೆಯಬಾರದು. ಮಹಾರಾಜರ ಪಾದದ ಬಳಿ ಕೂತು ಒಮ್ಮೆ ಬಾಯಿ ತೆರೆದೆ. ನನ್ನಿಂದ ಒಂದು ಹಿಂಸೆಯಾಗಿದೆ ಎಂದೆ. ಯಾವ ಜೀವಕ್ಕೆ ಎಂದು ಕೇಳಿದರು. ಪಂಚೇಂದ್ರಿಯದ ಜೀವಕ್ಕೆ ಎಂದೆ. ಹಸುವೋ, ನಾಯಿಯೋ ಎಂದು ಕೇಳಿದರು. ಅಷ್ಟರಲ್ಲಿ ಮಂದಿ ಬಂದರು, ನಾನು ಎದ್ದೆ. ಇಷ್ಟು ವರ್ಷ ದಿನಾ ನೀರು ಸೋಸಿದೆ. ಬಟ್ಟೆಯಲ್ಲಿ ಉಳಿದ ಜೀವಗಳನ್ನು ಅದೇ ಬಾವಿಗೆ ಬಿಟ್ಟು ಬಂದೆ. ಕೊಡ ತುಳುಕಿದರೂ ನಿಂತು ನೆಲ ನೋಡುತ್ತಿದ್ದೆ.

ಹೋಳಿ ಮುಗಿಯಲಿ. ಹಿರಿಯರು ಕೂತ ದಿನವೇ ಹೇಳುತ್ತೇನೆ. ನನ್ನ ಮೇಲೆ ನಂಬಿಕೆ ಇಡು. ನಿನ್ನ ರೇಷ್ಮೆ ಸೀರೆಗಳನ್ನು ಬಿಸಿಲಿಗೆ ಹಾಕಿ ತೆಗೆದಿಟ್ಟಿದ್ದೇನೆ.

ನಿನ್ನ ಅಕ್ಕಾ,
ಅನಂತಮತಿ


ಹುಪರಿ
೩೦ ಮಾರ್ಚ್ ೧೯೮೯

ಕುಸುಮಾ,

ಹೇಳಿದೆ. ಹೇಳಿದ್ದರಿಂದ ಏನೂ ಆಗಲಿಲ್ಲ. ಹೇಗಾಯಿತೆಂದು ನಿನಗೆ ಬೇರೆ ಯಾರೂ ಹೇಳುವುದಿಲ್ಲ, ಅದಕ್ಕೆ ನಾನೇ ಬರೆಯುತ್ತೇನೆ.

ಮೊನ್ನೆ ಮಧ್ಯಾಹ್ನ ಕೂತಿದ್ದರು. ನನ್ನ ಯಜಮಾನರು, ಅವರ ಕಾಕಾ, ಭೂಪಾಲ, ಕಾಗದ ಬರೆಯುವ ವಕೀಲ. ಅತ್ತೆ ಬಾಗಿಲ ಬಳಿ. ನಾನು ಚಹಾದ ತಟ್ಟೆ ಇಟ್ಟವಳು ಒಳಗೆ ಹೋಗದೆ ಅಲ್ಲೇ ನಿಂತೆ. ನೀರು ಸುರಿದದ್ದು ಕುಸುಮಾ ಅಲ್ಲ, ನಾನು, ತೇಜಾಬು ಮೊದಲು ಹಾಕು ಎಂದದ್ದೂ ನಾನೇ ಎಂದೆ. ಅಷ್ಟು ಹೇಳಿದರೆ ಮನೆಯೇ ಕುಸಿದು ಬೀಳುತ್ತದೆ ಎಂದುಕೊಂಡಿದ್ದೆ. ವಕೀಲ ಬರೆಯುವುದನ್ನು ನಿಲ್ಲಿಸಿ ಚಹಾ ತೆಗೆದುಕೊಂಡ, ಅಷ್ಟೇ.

ನಿನ್ನ ಭಾವನವರ ಮುಖ ಕೆಂಪಾಯಿತು. ಪೊಲೀಸಿನ ಕಾಗದದಲ್ಲಿ ಒಂದು ಇದೆ, ಈಗ ಇನ್ನೊಂದು ಹೇಳಿದರೆ ನಿನ್ನನ್ನೂ ಒಯ್ಯುತ್ತಾರೆ, ಸುಳ್ಳು ಹೇಳಿದ್ದಕ್ಕೆ ಅವಳನ್ನೂ ಕರೆಯುತ್ತಾರೆ, ಒಳಗೆ ನಡೆ ಎಂದರು. ನಾನು ಹೋಗಲಿಲ್ಲ. ಭೂಪಾಲನ ಕಡೆ ತಿರುಗಿ, ಅವಳದು ತಪ್ಪಿಲ್ಲ ಎಂದಮೇಲೆ ಕರೆದುಕೊಂಡು ಬಾ ಎಂದೆ.

ಅವನು ಸಿಟ್ಟಾಗಲಿಲ್ಲ, ಕುಸುಮಾ. ಸಿಟ್ಟಾಗಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅಂಗಡಿಯಲ್ಲಿ ಗಿರಾಕಿಯ ಜೊತೆ ಮಾತಾಡುವ ಹಾಗೆ ಮಾತಾಡಿದ.

"ನೀವು ಸುರದ್ರೇನು, ಅಕಿ ಸುರದ್ರೇನು ವಹಿನಿ. ಕಣ್ಣು ಹೋಗಿದ್ದು ಅಕೀದು."

"ತಪ್ಪು ಅಕೀದಲ್ಲ ಅಂದ್ನೆಲ್ಲೊ."

"ತಪ್ಪಿದ್ದವ್ರನ್ನ ಬಿಡಾಕ ಕುಂತಿಲ್ರಿ ಇಲ್ಲಿ. ಹಂಗಾದ್ರ ನಿಮ್ಮನ್ನ ಬಿಡಬೇಕಾಗ್ತದ."

ಕಾಕಾ ನಕ್ಕರು. ಅತ್ತೆ ನಗಲಿಲ್ಲ. ಕಾಗದದಲ್ಲಿ ಎರಡನೆಯ ಕಾರಣ ಹಾಗೇ ಉಳಿಯಿತು. ತಿದ್ದಿದರೆ ಹೊಸದಾಗಿ ಬರೆಯಬೇಕಾಗುತ್ತದೆ ಎಂದು ವಕೀಲ ಹೇಳಿದ.

ಆಮೇಲೆ ಹೊತ್ತು ಇಳಿಯಲಿಕ್ಕೆ ಬಂತು. ಎಲ್ಲರ ಊಟ ಆಗಬೇಕಿತ್ತು. ನಾನೇ ಭಾಕರಿ ತಟ್ಟಿದೆ, ನಾನೇ ಬಡಿಸಿದೆ. ಅವರು ಕಾಗದವನ್ನು ಅಲ್ಲಿಗೆ ತರುತ್ತಾರೆ.

ಅಕ್ಕಾ


ಕುಂಭೋಜ
೨೦ ಮೇ ೧೯೮೯

ಅಕ್ಕಾ ಅವರಿಗೆ ಕುಸುಮಾಳ ಜಯ ಜಿನೇಂದ್ರ.

ಕಾಗದ ಬಂದಿತ್ತು. ಅಣ್ಣ ಕೈ ಹಿಡಿದು ಜಾಗ ತೋರಿಸಿದ, ಹೆಬ್ಬೆಟ್ಟು ಒತ್ತಿದೆ. ಸಹಿ ಮಾಡಲಿಕ್ಕೆ ಬರುವವಳು, ಸಾಲು ಕಾಣದೆ ಹೆಬ್ಬೆಟ್ಟಿನವಳಾದೆ.

ನೀವು ಎಲ್ಲರೆದುರು ನಿಂತು ಹೇಳಿದಿರಿ ಎಂದು ತಿಳಿದು ಮನಸ್ಸಿಗೆ ಹಾಯೆನಿಸಿತು. ಕೆಲಸವಾಗದಿದ್ದರೆ ಅದು ನಿಮ್ಮ ತಪ್ಪಲ್ಲ. ವಹಿನಿ ಅದನ್ನು ಒಪ್ಪುವುದಿಲ್ಲ, ಅವರು ಪೆನ್ನು ಒತ್ತಿ ಬರೆಯುವುದು ನನಗೆ ಕೇಳಿಸುತ್ತಿದೆ. ಅವರ ಮಾತಿಗೆ ಬೇಸರ ಮಾಡಿಕೊಳ್ಳಬೇಡಿರಿ.

ನಿಮಗೆ ಒಂದು ಮಾತು ಹೇಳಬೇಕು. ರಾತ್ರಿ ಹಗಲು ನನಗೆ ಈಗ ಒಂದೇ, ಹೀಗಾಗಿ ಆ ಸಂಜೆ ಯಾವಾಗ ಬೇಕಾದರೂ ಬರುತ್ತದೆ. ಬಟ್ಟೆ ಹೊತ್ತಿದ ವಾಸನೆ ಬರುತ್ತದೆ. ಆಗ ನಾನು ಒಂದನ್ನು ನೆನಸಿಕೊಳ್ಳುತ್ತೇನೆ. ಎಲ್ಲರೂ ಬೊಬ್ಬೆ ಹಾಕಿ ದೂರ ಓಡಿದರು. ಅತ್ತೆ ಓಡಿದರು. ನಿಮ್ಮ ಮೈದುನ ಭೂಪಾಲರು ಅಂಗಳಕ್ಕೆ ಓಡಿದರು. ನೀವು ಓಡಲಿಲ್ಲ. ನಾನು ನೀರು ಕೇಳಿದೆ, ನೀವು ಅತ್ತೆಯ ಎಲೆಅಡಿಕೆ ಪೆಟ್ಟಿಗೆ ತಂದು ನಿಮ್ಮ ಕೈಯಿಂದಲೇ ಸುಣ್ಣ ಹಚ್ಚಿದಿರಿ. ಮುಖಕ್ಕೆ, ರೆಪ್ಪೆಯ ಒಳಗೂ. ನಿಮ್ಮ ಬೆರಳಿಗೂ ತೇಜಾಬು ತಾಗಿರಬೇಕು, ನೀವು ಕೈ ತೆಗೆಯಲಿಲ್ಲ. ನಿಮ್ಮ ಕೈ ತಂಪಾಗಿತ್ತು. ನನ್ನನ್ನು ಉಳಿಸಲಿಕ್ಕೆ ಒಬ್ಬರಾದರೂ ಇದ್ದರು ಎಂದು ಆ ಬೆರಳುಗಳನ್ನು ನೆನೆದು ಮಲಗುತ್ತೇನೆ. ಅದೊಂದು ಇರುವುದರಿಂದ ನನಗೆ ಯಾರ ಮೇಲೂ ಸಿಟ್ಟಿಲ್ಲ.

ನಿಮ್ಮ ಕುಸುಮಾ


ಹುಪರಿ
೧೬ ಸೆಪ್ಟೆಂಬರ್ ೧೯೮೯
ಕ್ಷಮಾವಣಿ

ಕುಸುಮಾ, ಜಯ ಜಿನೇಂದ್ರ. ಉತ್ತಮ ಕ್ಷಮಾ.

ನಾಲ್ಕು ತಿಂಗಳು ನಿನಗೆ ಬರೆಯಲಿಲ್ಲ. ಪರ್ಯೂಷಣದ ಹತ್ತು ದಿನ ಬರೀ ನೀರಿನ ಮೇಲಿದ್ದೆ. ಊರಿನಲ್ಲಿ ನನ್ನನ್ನು ಮೆರವಣಿಗೆ ಮಾಡಿದರು, ಹಾರ ಹಾಕಿದರು. ಭೂಪಾಲನ ಹೊಸ ಹೆಂಡತಿ ಆರತಿ ಎತ್ತಿದಳು. ಪಾಪ ಹುಡುಗಿ, ಅವಳಿಗೆ ಏನೂ ಗೊತ್ತಿಲ್ಲ. ಇವತ್ತು ಎಲ್ಲರೂ ಮನೆಮನೆಗೆ ಹೋಗಿ, ವರ್ಷದಲ್ಲಿ ತಿಳಿದೋ ತಿಳಿಯದೆಯೋ ಆದ ತಪ್ಪಿಗೆ ಕ್ಷಮೆ ಕೇಳುತ್ತಾರೆ. ಬೆಳಗಿನಿಂದ ನಲವತ್ತು ಮಂದಿ ಬಂದು ನನ್ನ ಮುಂದೆ ಕೈಮುಗಿದರು. ನಾನೂ ಮುಗಿದೆ.

ಶೈಲಾ, ಇಲ್ಲಿಂದ ಮುಂದಿನದನ್ನು ಮೊದಲು ನೀನೊಬ್ಬಳೇ ಓದಿಕೋ. ಆಮೇಲೆ ಅವಳಿಗೆ ಓದು.

ಕುಸುಮಾ, ನೀನು ನೀರು ಕೇಳಿದಾಗ ಅರ್ಧ ಕೊಡ ನೀರು ನನ್ನ ಕೈಯಲ್ಲೇ ಇತ್ತು. ನಾನು ಕೊಡಲಿಲ್ಲ. ಈಗತಾನೇ ನೀರು ಬಿದ್ದು ತೇಜಾಬು ಸಿಡಿದದ್ದನ್ನು ನೋಡಿದ್ದೆ. ನಿನ್ನ ಮುಖದ ಮೇಲಿನ ತೇಜಾಬಿಗೂ ನೀರು ಬಿದ್ದರೆ ಹಾಗೇ ಸಿಡಿಯುತ್ತದೆ ಎಂದುಕೊಂಡೆ. ಕೊಡವನ್ನು ನಿನಗೆ ಸಿಗದ ಹಾಗೆ ಹಿಂದೆ ತಳ್ಳಿದೆ. ನೆಲಕ್ಕೆ ತೇಜಾಬು ಚೆಲ್ಲಿದಾಗ ಸುಣ್ಣ ಹಾಕಿದರೆ ಸುಮ್ಮನಾಗುತ್ತದೆ, ಅದು ನಮ್ಮ ಓಣಿಯಲ್ಲಿ ಎಲ್ಲರಿಗೂ ಗೊತ್ತು. ನೆಲಕ್ಕೆ ಮಾಡುವುದನ್ನು ನಿನ್ನ ಕಣ್ಣಿಗೆ ಮಾಡಿದೆ.

ಮಿರಜದ ಡಾಕ್ಟರು ಎರಡನೆಯ ದಿನ ನನ್ನನ್ನು ಹೊರಗೆ ಕರೆದು ಹೇಳಿದರು. ಬೋಗುಣಿ ತುಂಬ ತೇಜಾಬಿದ್ದು ಅದಕ್ಕೆ ಸ್ವಲ್ಪ ನೀರು ಬಿದ್ದರೆ ಆ ನೀರು ಕಾದು ಕುದ್ದು ತೇಜಾಬನ್ನೂ ಎತ್ತಿಕೊಂಡು ಹಾರುತ್ತದೆ. ಮುಖದ ಮೇಲೆ ಇದ್ದದ್ದು ಹನಿಗಳಷ್ಟೇ. ಅದಕ್ಕೆ ಕೊಡಗಟ್ಟಲೆ ನೀರು ಬಿದ್ದರೆ ಬಿಸಿಯೂ ಹೋಗುತ್ತದೆ, ವಿಷವೂ ಹರಿದು ಹೋಗುತ್ತದೆ. ಅರ್ಧ ತಾಸು ಸುಮ್ಮನೆ ನೀರು ಸುರಿಯುತ್ತ ಇದ್ದಿದ್ದರೆ ಸಾಕಿತ್ತು. ತೇಜಾಬು ಮೇಲೆ ಮೇಲೆ ಸುಟ್ಟು ನಿಂತಿತ್ತಂತೆ. ಕಣ್ಣು ತಿಂದದ್ದು ಸುಣ್ಣ. ಅದು ಕಣ್ಣೀರಿನಲ್ಲಿ ಕರಗಿ ಒಳಗೊಳಗೆ ಇಳಿಯುತ್ತ ಹೋಯಿತಂತೆ. ಎಡಗಣ್ಣಂತೂ ಖಂಡಿತ ಉಳಿಯುತ್ತಿತ್ತು ಎಂದರು. ಸುಣ್ಣ ಹಚ್ಚಿದವರು ಯಾರು ಎಂದು ಕೇಳಿದರು. ನನಗೆ ಗೊತ್ತಿಲ್ಲ ಎಂದೆ.

ಬಾವಿಯ ನೀರು ಸೋಸದೆಯೇ ಸುರಿದರೂ ಆಗುತ್ತಿತ್ತು. ಕೊಳೆನೀರಾದರೂ ಆಗುತ್ತಿತ್ತು. ಮೊದಲನೆಯದು ತಿಳಿಯದೆ ಆದದ್ದು, ಎರಡನೆಯದೂ ತಿಳಿಯದೆ ಆದದ್ದು. ಮೂರನೆಯದು, ತಿಳಿದ ಮೇಲೆ ಹನ್ನೊಂದು ತಿಂಗಳು ನಿನ್ನಿಂದ ಮುಚ್ಚಿಟ್ಟದ್ದು. ಮೇ ತಿಂಗಳಲ್ಲಿ ನನ್ನ ಬೆರಳು ತಂಪಾಗಿತ್ತು ಎಂದು ನೀನು ಬರೆಸಿದೆ. ಅದನ್ನು ಓದಿದ ಮೇಲೆ ಆ ಕೈಯಿಂದ ನಾನು ದೇವರಿಗೆ ಅರ್ಘ್ಯ ಎತ್ತುತ್ತಿಲ್ಲ.

ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತಿದ್ದೇನೆ. ಕೊಡುವುದಿಲ್ಲ ಎಂದರೂ ಸರಿ. ನಿನ್ನ ಬಾಯಿಂದ ಏನಾದರೂ ಒಂದು ಮಾತು ಬರಲಿ.

ಅನಂತಮತಿ


ಕುಂಭೋಜ
೨೪ ಸೆಪ್ಟೆಂಬರ್ ೧೯೮೯

ಅನಂತಮತಿ ಅಕ್ಕಾ ಅವರಿಗೆ,

ಇದನ್ನು ಯಾರೂ ಹೇಳಿ ಬರೆಸುತ್ತಿಲ್ಲ. ಕುಸುಮಾ ಬಸದಿಗೆ ಹೋಗಿದ್ದಾಳೆ.

ನೀವು ಹೇಳಿದ ಹಾಗೆ ನಾನೊಬ್ಬಳೇ ಮೊದಲು ಓದಿದೆ. ಹಿತ್ತಲಿಗೆ ಹೋಗಿ ಇನ್ನೊಮ್ಮೆ ಓದಿದೆ. ಬಂದು ಅವಳ ಹತ್ತಿರ ಕೂತು, ನಲವತ್ತು ಮಂದಿ ಕೈಮುಗಿದರು ಎಂಬಲ್ಲಿಯ ತನಕ ಓದಿ ನಿಲ್ಲಿಸಿದೆ.

"ಮುಂದ ಏನ್ ಬರದಾರ?" ಎಂದಳು.

"ಕ್ಷಮಾ ಕೇಳ್ಯಾರ."

"ಎದಕ್ಕ?"

"ಎಲ್ಲಾದಕ್ಕೂ."

ನಿಮಗೆ ಅದು ಹಗುರವಾಗಬೇಕಾದರೆ ಅವಳ ಮೇಲೆ ಬೀಳಬೇಕು. ಬೀಳಲಿಕ್ಕೆ ನಾನು ಬಿಡುವುದಿಲ್ಲ. ಅವಳಿಗೆ ಗಂಡನಿಲ್ಲ, ಮನೆಯಿಲ್ಲ, ಬೆಳಕಿಲ್ಲ. ನಿಮ್ಮ ಬೆರಳುಗಳನ್ನು ನೆನೆದು ಮಲಗುತ್ತಾಳೆ. ನಾನು ಹಾಲು ಕುಡಿಸಿ ಮಲಗಿಸಿದರೂ ಆ ನಿದ್ದೆ ಬರುವುದಿಲ್ಲ, ಪ್ರಯತ್ನ ಮಾಡಿ ನೋಡಿದ್ದೇನೆ. ನಿಮ್ಮ ಕಾಗದವನ್ನು ಒಲೆಗೆ ಹಾಕಿದ್ದೇನೆ. ನನಗೆ ನಿಮ್ಮ ಮೇಲೆ ಕನಿಕರವಿಲ್ಲ. ನಿಮ್ಮನ್ನು ಬೈಯಬೇಕೆಂದು ಪೆನ್ನು ತೆಗೆದೆ, ಅದೂ ಆಗುತ್ತಿಲ್ಲ.

ಇನ್ನು ಅವಳ ಮಾತು. ನೀವು ಕ್ಷಮಾ ಕೇಳಿದಿರಿ ಎಂದದ್ದಕ್ಕೆ ಬಹಳ ಹೊತ್ತು ಅತ್ತಳು. ದೊಡ್ಡವರು ಮೊದಲು ಕೇಳಿದರಲ್ಲ ಎಂದು. ಆಮೇಲೆ ತಾನೂ ಕೇಳಬೇಕು, ಬರೆ ಎಂದಳು. ಅವಳು ಹೇಳಿದ ಹಾಗೇ ಬರೆಯುತ್ತಿದ್ದೇನೆ:

"ಅಕ್ಕಾ, ನೀವು ಬಸದಿಗೆ ಹೋದಾಗೆಲ್ಲ ನಾನು ತೇಜಾಬಿನ ಬೋಗುಣಿಗೆ ನಳದ ನೀರನ್ನು ಸೋಸದೆ ಹಾಗೇ ಹಿಡಿಯುತ್ತಿದ್ದೆ. ನಾಲ್ಕೈದು ವರ್ಷ ಹಾಗೆ ಮಾಡಿದ್ದೇನೆ. ಬೇಗ ಆಗುತ್ತಿತ್ತು, ಬೆಳ್ಳಿಯೂ ಅಷ್ಟೇ ಬೆಳ್ಳಗಾಗುತ್ತಿತ್ತು. ನೀವು ಕೇಳಿದರೆ ಸೋಸಿದ್ದೇನೆ ಎನ್ನುತ್ತಿದ್ದೆ. ಎಷ್ಟು ಜೀವಗಳು ಸತ್ತವೋ. ಅದಕ್ಕೇ ನನ್ನ ಕಣ್ಣು ಹೋಯಿತು ಎಂದು ಈಗ ತಿಳಿದಿದೆ. ನೀವು ಇಷ್ಟು ದಿನ ನಿಮ್ಮ ಮೇಲೆ ಹಾಕಿಕೊಂಡು ನೊಂದಿರಿ. ನನ್ನನ್ನು ಕ್ಷಮಿಸಿರಿ."

ಅದಲ್ಲ ಎಂದು ಹೇಳಿ ನೋಡಿದೆ. ಮತ್ತೇನು ಎಂದು ಕೇಳಿದಳು. ಎದ್ದು ಒಲೆಯ ಕಡೆ ಹೋದೆ. ದಿನಾ ಟಪಾಲಿನವನ ಸೈಕಲ್ ಗಂಟೆಗೆ ಎದ್ದು ಬಾಗಿಲಿಗೆ ಬರುತ್ತಾಳೆ. ನೀವು ಬರೆಯಬೇಕಾದದ್ದು ಏನು ಎಂದು ನಿಮಗೆ ಗೊತ್ತಿದೆ. ಅದಕ್ಕಿಂತ ಒಂದು ಸಾಲು ಹೆಚ್ಚು ಬರೆದರೂ ಅದನ್ನು ಓದುವುದಿಲ್ಲ.

ಶೈಲಾ


ಹುಪರಿ
೩ ಅಕ್ಟೋಬರ್ ೧೯೮೯

ಕುಸುಮಾ, ಜಯ ಜಿನೇಂದ್ರ.

ನಿನ್ನ ಕಾಗದ ತಲುಪಿತು. ಈ ಕಾರ್ಡು ಬರೆಯಲಿಕ್ಕೆ ತಡವಾಯಿತು, ಎರಡು ಕಾರ್ಡು ಹರಿದು ಹಾಕಿದೆ.

ಸೋಸದ ನೀರಿನ ಮಾತು ಓದಿದೆ. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ನಿನ್ನ ಕಣ್ಣು ಹೋದದ್ದು ಅದರಿಂದಲ್ಲ.

ನೀನು ಕೇಳಿದ್ದಕ್ಕೆ ಹೇಳುತ್ತಿದ್ದೇನೆ. ನಿನ್ನನ್ನು ಕ್ಷಮಿಸಿದ್ದೇನೆ.

ನಿನ್ನ ಅಕ್ಕಾ